ಹೊರದೇಶದ ದುಡಿಮೆ, ಮನೆಯ ಲೆಕ್ಕ

ಮೈಸೂರಿನ ಯಾದವಗಿರಿಗೆ ಬರುವ ಹೊಸಬರು ಸಾಮಾನ್ಯವಾಗಿ ವಿಚಾರಿಸುವುದು ಕಾದಂಬರಿಕಾರ ಆರ್. ಕೆ. ನಾರಾಯಣರ ಮನೆಯನ್ನು. 2016ರಿಂದ ಅದು ವಸ್ತುಸಂಗ್ರಹಾಲಯವಾಗಿದೆ. 1952ರಲ್ಲಿ ಪ್ರಕಟವಾದ ಅವರ ‘ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್’ ಎಂಬ ಕಾದಂಬರಿಯನ್ನು ನಮ್ಮಲ್ಲಿ ಅನೇಕರು ಓದಿರಬಹುದು. ಅದರ ನಾಯಕನಾದ ಮಾರ್ಗಯ್ಯನು ಸಹಕಾರಿ ಬ್ಯಾಂಕಿನ ಎದುರಿಗಿರುವ ಆಲದ ಮರದ ನೆರಳಿನಲ್ಲಿ ಒಂದು ತಗಡಿನ ಪೆಟ್ಟಿಗೆಯನ್ನಿಟ್ಟುಕೊಂಡು ಕುಳಿತು, ಹಳ್ಳಿಯ ರೈತರಿಗೆ ಸಾಲ ಪಡೆಯುವ ದಾರಿ ತೋರಿಸುತ್ತ ಜೀವನ ಸಾಗಿಸುತ್ತಾನೆ. ಮುಂದೆ ಹೆಚ್ಚಿನ ಬಡ್ಡಿಯ ಆಸೆ ತೋರಿಸಿ ಊರಿನವರ ಹಣವನ್ನೆಲ್ಲ ಠೇವಣಿಯಾಗಿ ಪಡೆಯುತ್ತಾನೆ. ಎಲ್ಲರೂ ಒಮ್ಮೆಲೇ ವಾಪಸು ಕೇಳಲು ಬಂದ ದಿನ ದಿವಾಳಿಯಾಗುತ್ತಾನೆ.

ಮಾರ್ಗಯ್ಯನ ಮುಂದೆ ಕೈಕಟ್ಟಿ ಕುಳಿತ ರೈತನಿಗೆ ಬ್ಯಾಂಕು ಕಣ್ಣೆದುರಿಗೇ ಇತ್ತು. ಅದರ ನಿಯಮಗಳು ಮಾತ್ರ ತಿಳಿದಿರಲಿಲ್ಲ. ಇಂದು ದುಬೈ, ದೋಹಾ, ಕುವೈತ್, ರಿಯಾದ್ ಮೊದಲಾದೆಡೆ ದುಡಿಯುತ್ತಿರುವ ನಮ್ಮ ನಾಡಿನ ಸಾವಿರಾರು ಜನರ ಸ್ಥಿತಿಯೂ ಹೆಚ್ಚು ಭಿನ್ನವಾಗಿಲ್ಲ. ಅವರ ಕೈಯಲ್ಲಿ ಹಣವಿದೆ, ಜೇಬಿನಲ್ಲಿ ಫೋನಿದೆ, ಒಂದು ನಿಮಿಷದಲ್ಲಿ ಊರಿಗೆ ದುಡ್ಡು ಕಳುಹಿಸುವ ಸೌಕರ್ಯವಿದೆ. ಆದರೆ ದುಡಿದ ಹಣವನ್ನು ಉಳಿಸಿ ಬೆಳೆಸುವ ವಿದ್ಯೆಯನ್ನು ಅವರಿಗೆ ಹೇಳಿಕೊಟ್ಟವರಿಲ್ಲ. ಈ ವಿದ್ಯೆಯ ಕೆಲವು ಪಾಠಗಳನ್ನು ಸರಳವಾಗಿ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹೊಟ್ಟೆಪಾಡಿಗಾಗಿ ಊರು ಬಿಡುವುದು ಕನ್ನಡಿಗರಿಗೆ ಹೊಸದಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿಯ ಕಡೆಯ ಹುಡುಗರು ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆದು ಊರಿಗೆ ಮನಿಯಾರ್ಡರು ಕಳುಹಿಸುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಕೊಲ್ಲಿಯ ದೇಶಗಳ ಸಂಬಂಧವೂ ಹಳೆಯದೇ. ಒಂದು ಕಾಲದಲ್ಲಿ ಅಲ್ಲಿ ಚಲಾವಣೆಯಲ್ಲಿದ್ದುದು ನಮ್ಮ ರೂಪಾಯಿಯೇ ಎಂದರೆ ಇಂದಿನ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. ಆ ರೂಪಾಯಿಗಳ ಮೂಲಕ ಚಿನ್ನದ ಕಳ್ಳಸಾಗಣೆ ನಡೆದು ನಮ್ಮ ವಿದೇಶೀ ವಿನಿಮಯ ಸೋರಿಹೋಗುತ್ತಿದೆಯೆಂದು 1959ರಲ್ಲಿ ರಿಸರ್ವ್ ಬ್ಯಾಂಕು ಆ ಪ್ರದೇಶಕ್ಕೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. 1961ರಲ್ಲಿ ಕುವೈತ್ ತನ್ನದೇ ದಿನಾರನ್ನು ತಂದಿತು. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಗಿ, ಡಾಲರಿನ ಬೆಲೆ 4 ರೂಪಾಯಿ 76 ಪೈಸೆಯಿಂದ 7 ರೂಪಾಯಿ 50 ಪೈಸೆಗೆ ಏರಿದಾಗ ಉಳಿದ ಕೊಲ್ಲಿಯ ನಾಡುಗಳಲ್ಲಿ ಹಲವು ನಮ್ಮ ರೂಪಾಯಿಯನ್ನು ಕೈಬಿಟ್ಟವು. ಅಲ್ಲಿಂದೀಚೆಗೆ ಅಲ್ಲಿನ ನಾಣ್ಯವೇ ಬೇರೆ, ಇಲ್ಲಿನ ನಾಣ್ಯವೇ ಬೇರೆ. ದುಡಿಯುವವನ ಲೆಕ್ಕ ಎರಡು ನಾಣ್ಯಗಳ ನಡುವೆ ಹಂಚಿಹೋಯಿತು.

ಈ ಹಣದ ಪ್ರಮಾಣವು ಸಾಮಾನ್ಯವಾದುದಲ್ಲ. ರಿಸರ್ವ್ ಬ್ಯಾಂಕಿನ ಲೆಕ್ಕದಂತೆ 2023-24ರಲ್ಲಿ ಹೊರದೇಶಗಳಲ್ಲಿರುವ ಭಾರತೀಯರು ತಾಯ್ನಾಡಿಗೆ ಕಳುಹಿಸಿದ ಹಣ ಸುಮಾರು 118.7 ಶತಕೋಟಿ ಡಾಲರುಗಳು. ಇದರಲ್ಲಿ ಶೇಕಡಾ 27.7 ಭಾಗ ಅಮೆರಿಕದಿಂದಲೂ, ಶೇಕಡಾ 19.2 ಭಾಗ ಸಂಯುಕ್ತ ಅರಬ್ ಸಂಸ್ಥಾನದಿಂದಲೂ ಬಂದಿತು. ಕರ್ನಾಟಕದ ಪಾಲು ಶೇಕಡಾ 7.7. ಮಂಗಳೂರು, ಉಡುಪಿ, ಭಟ್ಕಳಗಳ ಮನೆಗಳಿಗಷ್ಟೇ ಈ ಹಣ ಬರುತ್ತದೆಯೆಂದು ತಿಳಿಯಬಾರದು. ನಮ್ಮ ಜಿಲ್ಲೆಯ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರು ಗಿಡಮೂಲಿಕೆಯ ಎಣ್ಣೆ, ಔಷಧಿಗಳನ್ನು ಮಾರಲು ಆಫ್ರಿಕಾದ ದೇಶಗಳವರೆಗೆ ಹೋಗಿಬರುತ್ತಾರೆ. 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಕಾಳಗ ಹೊತ್ತಿಕೊಂಡಾಗ ಅವರಲ್ಲಿ ಹಲವರು ಅಲ್ಲಿ ಸಿಕ್ಕಿಬಿದ್ದು, ‘ಆಪರೇಷನ್ ಕಾವೇರಿ’ಯ ಮೂಲಕ ಪಾರಾಗಿ ಬಂದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ನಮ್ಮ ಬಡಾವಣೆಯಲ್ಲಿಯೂ ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳು ಹಲವಾರಿವೆ. 2017ರ ಜನವರಿಯಲ್ಲಿ ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟ್ ನೀಡುವ ವ್ಯವಸ್ಥೆ ದೇಶದಲ್ಲಿ ಮೊದಲು ಆರಂಭವಾದ ಸ್ಥಳಗಳಲ್ಲಿ ನಮ್ಮ ಮೇಟಗಳ್ಳಿಯ ಅಂಚೆ ಕಚೇರಿಯೂ ಒಂದು. ಹೊರಡುವುದು ಸುಲಭವಾಯಿತು, ಹೊರಡುವ ಮುನ್ನ ಕಲಿಯಬೇಕಾದುದನ್ನು ಕಲಿಸುವ ಏರ್ಪಾಡು ಮಾತ್ರ ಅದೇ ವೇಗದಲ್ಲಿ ಬೆಳೆಯಲಿಲ್ಲ.

ಈ ವಿಷಯವನ್ನು ನಾನು ಪುಸ್ತಕದಿಂದ ಆರಿಸಿಕೊಳ್ಳಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನನ್ನ ದೊಡ್ಡಪ್ಪನವರು 2006ರಲ್ಲಿ ಶಾರ್ಜಾಕ್ಕೆ ಹೋಗಿ ಹವಾನಿಯಂತ್ರಣ ಯಂತ್ರಗಳ ರಿಪೇರಿ ಕೆಲಸದಲ್ಲಿ 14 ವರ್ಷ ದುಡಿದರು. ಕೊರೋನಾ ಕಾಲದಲ್ಲಿ ಕೆಲಸ ಹೋಗಿ, 2020ರ ಮೇ ತಿಂಗಳಲ್ಲಿ ಆರಂಭವಾದ ವಂದೇ ಭಾರತ್ ವಿಮಾನಗಳಲ್ಲೊಂದರಲ್ಲಿ ಹಿಂತಿರುಗಿದರು. ಅವರು ಪ್ರತಿ ತಿಂಗಳೂ ತಪ್ಪದೆ ಹಣ ಕಳುಹಿಸುತ್ತಿದ್ದುದು ನನ್ನ ತಂದೆಯ ಖಾತೆಗೆ. ಬಂದ ಮೂರನೆಯ ವಾರ, ಒಂದು ಮಧ್ಯಾಹ್ನ, ಹಳೆಯ ಪಾಸ್‌ಬುಕ್ಕುಗಳನ್ನೆಲ್ಲ ಹಜಾರದಲ್ಲಿ ಹರವಿಕೊಂಡು ಅಣ್ಣತಮ್ಮಂದಿರಿಬ್ಬರೂ ಲೆಕ್ಕಕ್ಕೆ ಕುಳಿತರು. ಕೂಡಿಸಿ ಬರೆಯುವ ಕೆಲಸ ನನ್ನದಾಗಿತ್ತು. ಒಟ್ಟು ಬಂದ ಹಣ 26 ಲಕ್ಷದ 40 ಸಾವಿರ ರೂಪಾಯಿ. ಮಹಡಿ ಕಟ್ಟಿಸಿದ್ದಕ್ಕೆ 8 ಲಕ್ಷದ 50 ಸಾವಿರ. ಅತ್ತೆಯ ಮದುವೆಗೆ 5 ಲಕ್ಷ. ಮಕ್ಕಳ ಫೀಸಿಗೆ 3 ಲಕ್ಷದ 60 ಸಾವಿರ. ಅಜ್ಜಿಯ ಚಿಕಿತ್ಸೆಗೆ 2 ಲಕ್ಷದ 20 ಸಾವಿರ. ಬಂಧುಗಳಿಗೆ ಕೊಟ್ಟ ಕೈಸಾಲ 2 ಲಕ್ಷದ 10 ಸಾವಿರ. ಇಷ್ಟನ್ನು ಕಳೆದರೆ ಉಳಿಯಬೇಕಾಗಿದ್ದುದು 5 ಲಕ್ಷ. ಅದು ಎಲ್ಲಿ ಹೋಯಿತೆಂಬುದು ಯಾರಿಗೂ ನೆನಪಾಗಲಿಲ್ಲ.

ಬಹಳ ಹೊತ್ತಿನ ಮೇಲೆ ನನ್ನ ತಂದೆ, “ನೀನೂ ಯಾವತ್ತೂ ಕೇಳ್ಲಿಲ್ಲ, ಅಣ್ಣ” ಎಂದರು. ದೊಡ್ಡಪ್ಪ, “ನೀನೂ ಯಾವತ್ತೂ ಹೇಳ್ಲಿಲ್ಲ ಕಣೋ” ಎಂದರು. ಜಗಳವಾಗಲಿಲ್ಲ. ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ. ಮಕ್ಕಳ ಫೀಸಿನಲ್ಲಿ ನನ್ನ ಶಾಲೆಯ ಫೀಸೂ ಸೇರಿತ್ತು. ಆ 5 ಲಕ್ಷವನ್ನು 14 ವರ್ಷಗಳ ತಿಂಗಳುಗಳಿಗೆ ಹಂಚಿದರೆ ತಿಂಗಳಿಗೆ 3,000 ರೂಪಾಯಿ ಮಾತ್ರ. ಅದನ್ನೇ ಶೇಕಡಾ 7ರ ಬಡ್ಡಿಯಲ್ಲಿ ತಿಂಗಳು ತಿಂಗಳೂ ಕಟ್ಟುತ್ತ ಹೋಗಿದ್ದರೆ ಸುಮಾರು ಎಂಟೂವರೆ ಲಕ್ಷವಾಗಿರುತ್ತಿತ್ತೆಂದು ನಾನು ಆಮೇಲೆ ಲೆಕ್ಕ ಹಾಕಿದೆ. ಅಂದರೆ ಮಹಡಿ ಕಟ್ಟಿಸಲು ತಗಲಿದಷ್ಟೇ ಹಣ! ಹೊರದೇಶದ ದುಡಿಮೆಯಲ್ಲಿ ಕೈಜಾರುವ ಹಣವೆಲ್ಲ ಕಳ್ಳರ ಪಾಲಾಗುವುದಿಲ್ಲ. ಕಳುಹಿಸುವವನೂ ಖರ್ಚು ಮಾಡುವವರೂ ಒಂದೇ ಲೆಕ್ಕದ ಪುಸ್ತಕವನ್ನು ನೋಡದಿರುವುದರಿಂದಲೇ ಅದರಲ್ಲಿ ದೊಡ್ಡ ಭಾಗ ಹೋಗುತ್ತದೆ. ನಾನು ಹೇಳಬೇಕಾಗಿರುವ ಮುಖ್ಯ ಮಾತು ಇದೇ. ಉಳಿದುದೆಲ್ಲ ಇದರ ವಿವರಣೆ.

ಮೊದಲನೆಯ ಪಾಠವು ವಿಮಾನ ಹತ್ತುವುದಕ್ಕೆ ಮುಂಚಿನದು. ಅದು ಸಾಲದ ಪಾಠ. ಹೊರದೇಶಕ್ಕೆ ಹೋಗುವವನು ಎಷ್ಟೋ ಸಲ ದುಡಿಮೆಯನ್ನು ಸೊನ್ನೆಯಿಂದ ಆರಂಭಿಸುವುದಿಲ್ಲ, ಸೊನ್ನೆಗಿಂತ ಕೆಳಗಿನಿಂದ ಆರಂಭಿಸುತ್ತಾನೆ. ಒಬ್ಬ ತರುಣನು ಏಜೆಂಟನಿಗೂ ಪ್ರಯಾಣಕ್ಕೂ ಎಂದು ಒಂದೂವರೆ ಲಕ್ಷ ರೂಪಾಯಿಯನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಯಲ್ಲಿ ತಂದನೆನ್ನೋಣ. ‘ಮೂರು ರೂಪಾಯಿ’ ಎಂಬುದು ಕೇಳಲು ಹಗುರ. ಆದರೆ ಅದು ತಿಂಗಳ ಬಡ್ಡಿ; ವರ್ಷಕ್ಕೆ ಶೇಕಡಾ 36. ತಿಂಗಳಿಗೆ 4,500 ರೂಪಾಯಿಯಂತೆ ಬರಿಯ ಬಡ್ಡಿಯನ್ನೇ ಕಟ್ಟುತ್ತ ಹೋದರೆ ಎರಡು ವರ್ಷದ ಕರಾರು ಮುಗಿಯುವ ಹೊತ್ತಿಗೆ 1,08,000 ರೂಪಾಯಿ ತೆತ್ತು, ಅಸಲು ಒಂದೂವರೆ ಲಕ್ಷ ಹಾಗೆಯೇ ಉಳಿದಿರುತ್ತದೆ.

ಈಗ ಅವನ ಸಂಬಳ 1,500 ದಿರ್ಹಾಮ್ ಎಂದೂ, ಊಟ ಮತ್ತು ಕೈಖರ್ಚು 500 ಎಂದೂ, ಲೆಕ್ಕಕ್ಕೆ ಅನುಕೂಲವಾಗಲೆಂದು ದಿರ್ಹಾಮ್ ಒಂದಕ್ಕೆ 24 ರೂಪಾಯಿ ಎಂದೂ ಇಟ್ಟುಕೊಳ್ಳೋಣ. ತಿಂಗಳಿಗೆ 24,000 ರೂಪಾಯಿ ಮಿಗುತ್ತದೆ. ಇದರ ಅರ್ಧವನ್ನು, ಅಂದರೆ 12,000 ರೂಪಾಯಿಯನ್ನು ಸಾಲಕ್ಕೆ ಕಟ್ಟಿದರೆ 16 ತಿಂಗಳಲ್ಲಿ ಸಾಲ ತೀರುತ್ತದೆ. ಬಡ್ಡಿ ಸುಮಾರು 41,000. ಇಡೀ 24,000ವನ್ನೂ ಕಟ್ಟಿದರೆ ಏಳು ತಿಂಗಳಲ್ಲಿ ಬಹುತೇಕ ತೀರಿಹೋಗುತ್ತದೆ. ಬಡ್ಡಿ 18,500 ಚಿಲ್ಲರೆ. ಸಾಲವೂ ಅದೇ, ದುಡಿಮೆಯೂ ಅದೇ. ಬಡ್ಡಿ ಮಾತ್ರ ಒಂದು ಕಡೆ ಲಕ್ಷ ದಾಟುತ್ತದೆ, ಇನ್ನೊಂದು ಕಡೆ ಇಪ್ಪತ್ತು ಸಾವಿರದೊಳಗೆ ಮುಗಿಯುತ್ತದೆ. ಆದುದರಿಂದ ಹೋದ ಮೊದಲ ವರ್ಷ ಮನೆಗೆ ಹೊಸ ಟೀವಿ ಬರಬಾರದು, ಸಾಲಗಾರನ ಪತ್ರ ಹರಿಯಬೇಕು. ಈ ನಿರ್ಧಾರವನ್ನು ಹೋಗುವವನೊಬ್ಬನೇ ಮಾಡಲಾರ. ಮನೆಯವರು ಒಂದು ವರ್ಷ ಕೈಬಿಗಿ ಹಿಡಿಯಲು ಮುಂಚೆಯೇ ಒಪ್ಪಿರಬೇಕು.

ಏಜೆಂಟನ ವಿಷಯದಲ್ಲಿ ಕಾಯಿದೆಯ ರಕ್ಷಣೆಯಿದೆ. 1983ರ ವಲಸೆ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದವರು ಹೊರದೇಶದ ಕೆಲಸಕ್ಕೆ ಜನರನ್ನು ಕಳುಹಿಸುವಂತಿಲ್ಲ. ಪರವಾನಗಿ ಇರುವವರೂ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಸೇವಾಶುಲ್ಕವನ್ನು ಪಡೆಯುವಂತಿಲ್ಲ. ಕೊಟ್ಟ ಹಣಕ್ಕೆ ರಶೀದಿ ಕೊಡಬೇಕು. ಏಜೆಂಟನ ನೋಂದಣಿ ನಿಜವೇ ಎಂಬುದನ್ನು ಕೇಂದ್ರ ಸರ್ಕಾರದ ‘ಇ-ಮೈಗ್ರೇಟ್’ ವ್ಯವಸ್ಥೆಯಲ್ಲಿ ನೋಡಿಕೊಳ್ಳಬಹುದು. ಎಸ್.ಎಸ್.ಎಲ್.ಸಿ. ಪಾಸಾಗದವರು ಕೊಲ್ಲಿಯ ದೇಶಗಳಿಗೆ ದುಡಿಯಲು ಹೋಗುವಾಗ ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ಅಂಥವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತಿನ ಈ ವಿಮೆಯಲ್ಲಿ ಅಪಘಾತದಿಂದ ಮರಣ ಅಥವಾ ಶಾಶ್ವತ ಅಂಗವಿಕಲತೆ ಒದಗಿದರೆ 10 ಲಕ್ಷ ರೂಪಾಯಿ ದೊರೆಯುತ್ತದೆ. ಪ್ರವಾಸಿ ವೀಸಾದಲ್ಲಿ ಕಳ್ಳದಾರಿ ಹಿಡಿದು ಹೋದವನು ಈ ರಕ್ಷಣೆಯನ್ನೆಲ್ಲ ತಾನಾಗಿಯೇ ಕಳೆದುಕೊಳ್ಳುತ್ತಾನೆ.

ಎರಡನೆಯ ಪಾಠವು ಹಣ ಕಳುಹಿಸುವ ಬಗೆ. ಇಲ್ಲಿ ಎರಡು ಖರ್ಚುಗಳಿವೆ: ಒಂದು ಕಣ್ಣಿಗೆ ಕಾಣುವ ಶುಲ್ಕ, ಇನ್ನೊಂದು ಕಾಣದ ವಿನಿಮಯ ದರ. ಮಾರುಕಟ್ಟೆಯಲ್ಲಿ ದರ 24 ರೂಪಾಯಿ ಇರುವಾಗ ಒಂದು ಸಂಸ್ಥೆಯು ಶುಲ್ಕವಿಲ್ಲದೆ 23 ರೂಪಾಯಿ 60 ಪೈಸೆ ಕೊಡುತ್ತದೆ. ಇನ್ನೊಂದು 15 ದಿರ್ಹಾಮ್ ಶುಲ್ಕ ಹಿಡಿದು 23 ರೂಪಾಯಿ 90 ಪೈಸೆ ಕೊಡುತ್ತದೆ ಎನ್ನೋಣ. 1,000 ದಿರ್ಹಾಮ್ ಕಳುಹಿಸಿದರೆ ಮೊದಲನೆಯದರಲ್ಲಿ 23,600 ರೂಪಾಯಿ, ಎರಡನೆಯದರಲ್ಲಿ 23,541 ರೂಪಾಯಿ ಮನೆಗೆ ಬರುತ್ತದೆ. 2,000 ಕಳುಹಿಸಿದರೆ ಮೊದಲನೆಯದರಲ್ಲಿ 47,200, ಎರಡನೆಯದರಲ್ಲಿ 47,441. ಮೊತ್ತ ಬದಲಾದೊಡನೆ ಲಾಭದ ಪಕ್ಷವೂ ಬದಲಾಯಿತು! ಆದುದರಿಂದ ‘ಶುಲ್ಕವಿಲ್ಲ’ ಎಂಬ ಫಲಕವನ್ನು ನೋಡಿ ಹಿಗ್ಗದೆ, ‘ನನ್ನ ಮನೆಗೆ ಎಷ್ಟು ರೂಪಾಯಿ ತಲುಪುತ್ತದೆ?’ ಎಂಬ ಒಂದೇ ಪ್ರಶ್ನೆಯನ್ನು ಕೇಳಬೇಕು.

ಹವಾಲಾ ಅಥವಾ ಹುಂಡಿಯ ದಾರಿಯಲ್ಲಿ ನಾಲ್ಕು ಪೈಸೆ ಹೆಚ್ಚು ಸಿಗುವುದೆಂದು ಆಸೆಪಡುವವರೂ ಉಂಟು. ಅದು ಕಾಯಿದೆಗೆ ವಿರುದ್ಧ. ಅದಕ್ಕಿಂತ ದೊಡ್ಡ ಮಾತೆಂದರೆ, ಆ ಹಣಕ್ಕೆ ದಾಖಲೆಯಿಲ್ಲ. ನಡುವಿನವನು ಕೈಯೆತ್ತಿದರೆ ದೂರು ಕೊಡಲು ಬಾಯಿಲ್ಲ. ನಾಳೆ ಮನೆ ಕೊಳ್ಳುವಾಗ ಹಣ ಎಲ್ಲಿಂದ ಬಂತೆಂದು ಕೇಳಿದರೆ ತೋರಿಸಲು ಕಾಗದವಿಲ್ಲ.

ಮೂರನೆಯದು ಬ್ಯಾಂಕು ಖಾತೆಯ ಪಾಠ. ಇಲ್ಲಿ ವಿದ್ಯಾವಂತರೂ ಎಡವುತ್ತಾರೆ. ಕೆಲಸಕ್ಕಾಗಿ ಹೊರದೇಶದಲ್ಲಿ ನೆಲಸಿದವನು ವಿದೇಶೀ ವಿನಿಮಯ ಕಾಯಿದೆಯ ದೃಷ್ಟಿಯಲ್ಲಿ ಅನಿವಾಸಿ. ಊರಿನಲ್ಲಿರುವ ಅವನ ಹಳೆಯ ಉಳಿತಾಯ ಖಾತೆಯನ್ನು ಹಾಗೆಯೇ ನಡೆಸಿಕೊಂಡು ಹೋಗುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಎನ್.ಆರ್.ಓ. ಖಾತೆಯಾಗಿ ಬದಲಾಯಿಸಬೇಕು. ಊರಿನ ಬಾಡಿಗೆ, ಪಿಂಚಣಿ ಮುಂತಾದ ಇಲ್ಲಿನ ವರಮಾನಕ್ಕೆ ಈ ಖಾತೆ. ಇದರ ಬಡ್ಡಿಗೆ ತೆರಿಗೆಯುಂಟು. ಬ್ಯಾಂಕೇ ಶೇಕಡಾ 30 ಮತ್ತು ಅದರ ಮೇಲಿನ ಸೆಸ್ಸನ್ನು ಮುರಿದುಕೊಳ್ಳುತ್ತದೆ. ಹೊರದೇಶದಲ್ಲಿ ದುಡಿದ ಹಣವನ್ನು ಇಡಲು ಇರುವುದು ಎನ್.ಆರ್.ಇ. ಖಾತೆ. ಅನಿವಾಸಿಯಾಗಿರುವವರೆಗೆ ಇದರ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆಯಿಲ್ಲ. ಬೇಕೆಂದಾಗ ಅಸಲು ಬಡ್ಡಿ ಎರಡನ್ನೂ ಮತ್ತೆ ಹೊರದೇಶಕ್ಕೆ ಒಯ್ಯಬಹುದು. ಮೂರನೆಯದಾದ ಎಫ್.ಸಿ.ಎನ್.ಆರ್. ಠೇವಣಿಯು ಡಾಲರು ಮೊದಲಾದ ವಿದೇಶೀ ನಾಣ್ಯದಲ್ಲಿಯೇ ಒಂದರಿಂದ ಐದು ವರ್ಷದವರೆಗೆ ಇರುತ್ತದೆ. ಒಂದೇ ಮಾತಿನಲ್ಲಿ ಹೇಳುವುದಾದರೆ: ಇಲ್ಲಿನ ವರಮಾನಕ್ಕೆ ಎನ್.ಆರ್.ಓ., ಅಲ್ಲಿನ ದುಡಿಮೆಗೆ ಎನ್.ಆರ್.ಇ., ರೂಪಾಯಿಯ ಏರಿಳಿತ ಬೇಡವೆನ್ನುವವರಿಗೆ ಎಫ್.ಸಿ.ಎನ್.ಆರ್.

ನನ್ನ ದೊಡ್ಡಪ್ಪನವರು ಎಲ್ಲವನ್ನೂ ತಮ್ಮನ ಖಾತೆಗೇ ಕಳುಹಿಸಿದರು. ಪ್ರೀತಿಯ ದೃಷ್ಟಿಯಿಂದ ಅದು ದೊಡ್ಡ ಗುಣ. ಕಾಯಿದೆಯ ದೃಷ್ಟಿಯಿಂದ ಆ ಹಣ ತಲುಪಿದ ಕ್ಷಣದಿಂದ ತಮ್ಮನದಾಯಿತು. ಮನೆಖರ್ಚಿನ ಹಣವನ್ನು ಮನೆಯವರ ಖಾತೆಗೂ, ಉಳಿತಾಯದ ಹಣವನ್ನು ತನ್ನ ಹೆಸರಿನ ಖಾತೆಗೂ ಬೇರೆ ಬೇರೆಯಾಗಿ ಕಳುಹಿಸುವುದು ಸರಿಯಾದ ಕ್ರಮ. ಮನೆಯವರ ಮೇಲೆ ಅಪನಂಬಿಕೆಯಿಂದ ಹೀಗೆ ಮಾಡಬೇಕೆಂದು ಅರ್ಥವಲ್ಲ. ಒಂದೇ ಪಾತ್ರೆಯಲ್ಲಿ ಬೀಜದ ಕಾಳನ್ನೂ ಅಡಿಗೆಯ ಕಾಳನ್ನೂ ಇಟ್ಟರೆ ಯಾವ ಗೃಹಿಣಿಯಾದರೂ ಎಷ್ಟೆಂದು ಕಾಯ್ದಾಳು?

ನಾಲ್ಕನೆಯದು ಆಸ್ತಿಯ ಪಾಠ. ಹೊರದೇಶಕ್ಕೆ ಹೋದವನ ಮೊದಲ ಕನಸು ಮನೆ, ಎರಡನೆಯದು ಜಮೀನು. ಅನಿವಾಸಿ ಭಾರತೀಯನು ಮನೆ, ನಿವೇಶನ, ಅಂಗಡಿಗಳನ್ನು ಕೊಳ್ಳಬಹುದು. ಆದರೆ ಕೃಷಿ ಜಮೀನು, ತೋಟ, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಕರ್ನಾಟಕದಲ್ಲಿ 2020ರ ಭೂಸುಧಾರಣಾ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಜಮೀನು ಕೊಳ್ಳಲು ಅವಕಾಶವಾಯಿತಾದರೂ, ವಿದೇಶೀ ವಿನಿಮಯ ಕಾಯಿದೆಯ ಈ ನಿರ್ಬಂಧ ಅದರಿಂದ ಸಡಿಲವಾಗಲಿಲ್ಲ. ಇದನ್ನರಿಯದೆ ತಮ್ಮನ ಅಥವಾ ಭಾವಮೈದುನನ ಹೆಸರಿನಲ್ಲಿ ಜಮೀನು ಕೊಂಡು, ಹತ್ತು ವರ್ಷಗಳ ನಂತರ ನ್ಯಾಯಾಲಯದ ಮೆಟ್ಟಿಲು ಹತ್ತುವವರಿದ್ದಾರೆ. ಇನ್ನೊಬ್ಬರ ನಿವೇಶನದ ಮೇಲೆ ತನ್ನ ಹಣದಿಂದ ಮಹಡಿ ಕಟ್ಟುವುದೂ ಇದೇ ಬಗೆಯ ಅಪಾಯ. ನಮ್ಮ ಮನೆಯ ಮಹಡಿ ಇಂದಿಗೂ ಅಜ್ಜನ ಹೆಸರಿನಲ್ಲಿರುವ ಮನೆಯ ಭಾಗವೇ.

ಇದರೊಂದಿಗೆ ನಾಮನಿರ್ದೇಶನದ ಮಾತನ್ನೂ ಹೇಳಬೇಕು. ಖಾತೆಗೆ, ವಿಮೆಗೆ, ಠೇವಣಿಗೆ ನಾಮಿನಿಯ ಹೆಸರನ್ನು ತಪ್ಪದೆ ಬರೆಸಬೇಕು. ಇಲ್ಲವಾದರೆ ಅನಾಹುತವಾದಾಗ ಮನೆಯವರು ಹಣ ಪಡೆಯಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಆದರೆ ನಾಮಿನಿಯಾದ ಮಾತ್ರಕ್ಕೆ ಒಬ್ಬನು ಒಡೆಯನಾಗುವುದಿಲ್ಲ. ಷೇರುಗಳಿಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಡಿಸೆಂಬರಿನಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿತು: ನಾಮನಿರ್ದೇಶನವು ವಾರಸುದಾರರ ಹಕ್ಕನ್ನು ಮೀರಲಾರದು. ಆದುದರಿಂದ ದೂರದೇಶದಲ್ಲಿ ದುಡಿಯುವವನು, ಎಷ್ಟೇ ಚಿಕ್ಕ ವಯಸ್ಸಿನವನಾಗಿರಲಿ, ಒಂದು ಪುಟದ ಉಯಿಲನ್ನು ಇಬ್ಬರು ಸಾಕ್ಷಿಗಳ ಮುಂದೆ ಬರೆದಿಡುವುದು ವಿವೇಕ. ನಮ್ಮಲ್ಲಿ ಇದನ್ನು ಅಪಶಕುನವೆಂದು ಭಾವಿಸುವವರೇ ಹೆಚ್ಚು.

ಐದನೆಯ ಪಾಠವನ್ನು ಮಾರ್ಗಯ್ಯನ ಪಾಠವೆಂದೇ ಕರೆಯಬಹುದು. ಹೊರದೇಶದಿಂದ ಹಣ ಬರುವ ಮನೆಯನ್ನು ಹುಡುಕಿಕೊಂಡು ಅತಿ ಬಡ್ಡಿಯ ಯೋಜನೆಗಳು ಬರುತ್ತವೆ. 2019ರ ಜೂನಿನಲ್ಲಿ ಬೆಂಗಳೂರಿನ ಐ.ಎಂ.ಎ. ಸಂಸ್ಥೆ ಬಾಗಿಲು ಹಾಕಿದಾಗ ಸಾವಿರಾರು ಸಾಮಾನ್ಯ ಸಂಸಾರಗಳು ಬೀದಿಗೆ ಬಂದುದನ್ನು ಮರೆಯುವಂತಿಲ್ಲ. ಇಂಥ ಯೋಜನೆಗಳನ್ನು ಅಳೆಯಲು ಒಂದು ಸುಲಭ ಸೂತ್ರವಿದೆ. 72ನ್ನು ವಾರ್ಷಿಕ ಬಡ್ಡಿಯ ದರದಿಂದ ಭಾಗಿಸಿದರೆ ಹಣ ಇಮ್ಮಡಿಯಾಗಲು ಬೇಕಾದ ವರ್ಷಗಳು ಸ್ಥೂಲವಾಗಿ ದೊರೆಯುತ್ತವೆ. ಶೇಕಡಾ 7ರ ಠೇವಣಿ ಇಮ್ಮಡಿಯಾಗಲು ಹತ್ತು ವರ್ಷಕ್ಕೂ ಸ್ವಲ್ಪ ಹೆಚ್ಚು ಬೇಕು. ಎರಡೇ ವರ್ಷದಲ್ಲಿ ಇಮ್ಮಡಿ ಮಾಡುವೆನೆಂದು ಒಬ್ಬನು ಹೇಳಿದರೆ ಅವನು ಶೇಕಡಾ 36 ಗಳಿಸಬೇಕು. ಅಂಥ ಪ್ರಾಮಾಣಿಕ ವ್ಯಾಪಾರ ಯಾವುದೆಂದು ಅವನನ್ನೇ ಕೇಳಬೇಕು! ಬ್ಯಾಂಕಿನ ಠೇವಣಿಗೆ 2020ರ ಫೆಬ್ರವರಿ 4ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯಿದೆ; ಖಾಸಗಿಯವರ ಕೈಚೀಟಿಗೆ ಅಂಥದೇನೂ ಇಲ್ಲ. ಚೀಟಿ ಹಾಕಲೇಬೇಕೆಂದರೆ 1982ರ ಚಿಟ್ ಫಂಡ್ ಕಾಯಿದೆಯಂತೆ ನೋಂದಣಿಯಾದ ಸಂಸ್ಥೆಯಲ್ಲಿ ಮಾತ್ರ ಹಾಕಬೇಕು.

ಆರನೆಯದು ಹಿಂತಿರುಗುವ ಪಾಠ. ಕೊಲ್ಲಿಯ ದೇಶಗಳಲ್ಲಿ ಸಾಮಾನ್ಯ ಕೆಲಸಗಾರನಿಗೆ ಅಲ್ಲಿಯೇ ಕಡೆಯವರೆಗೆ ನೆಲಸುವ ಹಕ್ಕಿಲ್ಲ. ಕೆಲಸ ಮುಗಿದರೆ ಊರೇ ಗತಿ. ಆದುದರಿಂದ ಹೋಗುವ ದಿನದಿಂದಲೇ ಬರುವ ದಿನದ ಲೆಕ್ಕವನ್ನು ಇಡಬೇಕು. ಸಂಯುಕ್ತ ಅರಬ್ ಸಂಸ್ಥಾನದ ಕಾಯಿದೆಯಂತೆ ಒಂದು ವರ್ಷ ಪೂರೈಸಿದ ಕೆಲಸಗಾರನಿಗೆ ಮೊದಲ ಐದು ವರ್ಷ ವರ್ಷಕ್ಕೆ 21 ದಿನಗಳ, ಆಮೇಲೆ ವರ್ಷಕ್ಕೆ 30 ದಿನಗಳ ಸಂಬಳ ಉಪದಾನವಾಗಿ ಸಲ್ಲಬೇಕು. ಇದು ಮೂಲ ಸಂಬಳದ ಮೇಲಿನ ಲೆಕ್ಕ ಎಂಬುದನ್ನು ಗಮನಿಸಬೇಕು. 1,500 ದಿರ್ಹಾಮ್ ಸಂಬಳದಲ್ಲಿ ಮೂಲ ಸಂಬಳ 1,000 ಮಾತ್ರವಾದರೆ ವರ್ಷಕ್ಕೆ 700ರಂತೆ ಐದು ವರ್ಷಕ್ಕೆ 3,500 ದಿರ್ಹಾಮ್ ಬರುತ್ತದೆ. ಕರಾರಿನ ಕಾಗದದಲ್ಲಿ ಮೂಲ ಸಂಬಳವೆಷ್ಟೆಂದು ಓದಿ ನೋಡಿ ರುಜು ಹಾಕಬೇಕೆಂದು ಹೇಳುವುದು ಇದಕ್ಕಾಗಿಯೇ. 2023ರ ಜನವರಿಯಿಂದ ಅದೇ ದೇಶದಲ್ಲಿ ಕೆಲಸ ಹೋದವರಿಗೆಂದು ವಿಮೆಯೊಂದು ಜಾರಿಗೆ ಬಂದಿದೆ. ಕಡಮೆ ಸಂಬಳದವರು ತಿಂಗಳಿಗೆ 5 ದಿರ್ಹಾಮ್ ಕಟ್ಟುತ್ತಿದ್ದರೆ, ತಮ್ಮ ತಪ್ಪಿಲ್ಲದೆ ಕೆಲಸ ಹೋದಾಗ ಮೂಲ ಸಂಬಳದ ಶೇಕಡಾ 60 ಭಾಗ ಮೂರು ತಿಂಗಳವರೆಗೆ ದೊರೆಯುತ್ತದೆ. ಇದಲ್ಲದೆ ಊರಿನಲ್ಲಿ ಆರು ತಿಂಗಳ ಸಂಸಾರದ ಖರ್ಚನ್ನು ಮುಟ್ಟದೆ ಇಡುವುದು, ರಾಷ್ಟ್ರೀಯ ಪಿಂಚಣಿ ಯೋಜನೆಯಂಥದರಲ್ಲಿ ಅನಿವಾಸಿಗಳಿಗೂ ಇರುವ ಅವಕಾಶವನ್ನು ಬಳಸಿಕೊಳ್ಳುವುದು, ಹಿಂತಿರುಗಿದ ಮೇಲೆ ಎನ್.ಆರ್.ಇ. ಖಾತೆಯನ್ನು ಮತ್ತೆ ಸಾಮಾನ್ಯ ಖಾತೆಯಾಗಿ ಮಾಡಿಸುವುದು, ಇವೂ ಈ ಪಾಠದ ಭಾಗಗಳೇ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಹಿಂತಿರುಗಿದವನಿಗೆ ಅರ್ಥವಾಗುವಷ್ಟು ಚೆನ್ನಾಗಿ ಇನ್ನಾರಿಗೂ ಅರ್ಥವಾಗಲಾರದು.

ಇಷ್ಟೆಲ್ಲವನ್ನೂ ಒಬ್ಬ ಬಡ ಕೆಲಸಗಾರನು ತಾನಾಗಿಯೇ ಕಲಿಯಬೇಕೆನ್ನುವುದು ನ್ಯಾಯವಲ್ಲ. ಈ ವಿಷಯದಲ್ಲಿ ಫಿಲಿಪ್ಪೀನ್ಸ್ ದೇಶದ ಅನುಭವ ನಮಗೆ ಉಪಯುಕ್ತ. 1974ರಿಂದ ಆ ದೇಶವು ತನ್ನ ಜನರನ್ನು ವ್ಯವಸ್ಥಿತವಾಗಿ ಹೊರದೇಶದ ಕೆಲಸಗಳಿಗೆ ಕಳುಹಿಸುತ್ತ ಬಂದಿದೆ. 1982ರಲ್ಲಿ ಅಲ್ಲಿನ ಸರ್ಕಾರವು, ಹೊರಗೆ ದುಡಿಯುವವರು ಸಂಬಳದ ಅರ್ಧ ಅಥವಾ ಅದಕ್ಕೂ ಮಿಗಿಲಾದ ಭಾಗವನ್ನು ಬ್ಯಾಂಕುಗಳ ಮೂಲಕ ಕಡ್ಡಾಯವಾಗಿ ಕಳುಹಿಸಬೇಕೆಂದೂ, ತಪ್ಪಿದರೆ ಪಾಸ್‌ಪೋರ್ಟ್ ನವೀಕರಿಸುವುದಿಲ್ಲವೆಂದೂ ಆಜ್ಞೆ ಮಾಡಿತು. ಕೆಲಸಗಾರರು ಕೆರಳಿ ಪ್ರತಿಭಟಿಸಿದರು. 1985ರಲ್ಲಿ ಆ ಶಿಕ್ಷೆಗಳನ್ನು ಕೈಬಿಡಬೇಕಾಯಿತು. ಆದರೆ 1983ರಲ್ಲಿ ಕಡ್ಡಾಯವಾದ ಇನ್ನೊಂದು ಏರ್ಪಾಡು ಇಂದಿಗೂ ಉಳಿದಿದೆ: ಹೊರಡುವ ಮುನ್ನ ಪ್ರತಿಯೊಬ್ಬ ಕೆಲಸಗಾರನೂ ಕುಳಿತು ಕೇಳಬೇಕಾದ ತಿಳಿವಳಿಕೆಯ ಶಿಬಿರ. ಕರಾರು, ಹಕ್ಕು, ಆರೋಗ್ಯಗಳ ಜೊತೆಗೆ ಹಣದ ಪಾಠವೂ ಅದರಲ್ಲಿ ಸೇರಿದೆ. ಬಲವಂತ ಸೋತಿತು, ಪಾಠ ನಿಂತಿತು. ನಮ್ಮ ನೆರೆಯ ಕೇರಳವು 1996ರಲ್ಲಿಯೇ ಹೊರನಾಡಿನ ತನ್ನ ಜನರಿಗಾಗಿ ‘ನೋರ್ಕಾ’ ಎಂಬ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. ಭಾರತ ಸರ್ಕಾರವೂ 2018ರಿಂದ ಹೊರಡುವವರಿಗೆ ಒಂದು ದಿನದ ತರಬೇತಿಯನ್ನು ನಡೆಸುತ್ತಿದೆ. ಆದರೆ ಒಂದು ದಿನದಲ್ಲಿ, ಹೊರಡುವವನೊಬ್ಬನಿಗೆ ಮಾತ್ರ ಹೇಳಿದ ಪಾಠ ಸಾಲದು. ಊರಿನಲ್ಲಿ ಪಾಸ್‌ಬುಕ್ಕು ಹಿಡಿದಿರುವವರೂ ಆ ತರಗತಿಯಲ್ಲಿ ಕುಳಿತಿರಬೇಕು.

ಮನೆಬಾಗಿಲಿಗೆ ಹೋಗಿ ಉಳಿತಾಯವನ್ನು ಕಲಿಸುವುದರಲ್ಲಿ ಕನ್ನಡ ನಾಡು ಹಿಂದೆ ಬಿದ್ದಿರಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆ ಉಳಿಸುವ ನೇಕಾರನ ಮನೆಗೂ ಬ್ಯಾಂಕನ್ನು ಕೊಂಡೊಯ್ದಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಡನೆ ಸೇರಿಹೋಯಿತು. ಅದು ಕಲಿಸಿದ ಪಾಠ ಹಳತಾಗಿಲ್ಲ. ಅಂದು ಪಿಗ್ಮಿ ಏಜೆಂಟನು ಮಾಡಿದ ಕೆಲಸವನ್ನು ಇಂದು ವಿದ್ಯಾರ್ಥಿಗಳಾದ ನಾವು ಏಕೆ ಮಾಡಬಾರದು? ನಮ್ಮ ಅರ್ಥಶಾಸ್ತ್ರ ಸಂಘ ಮತ್ತು ರಾಷ್ಟ್ರೀಯ ಸೇವಾ ಯೋಜನೆಯವರು ಕೂಡಿ, ವರ್ಷಕ್ಕೆ ಎರಡು ಭಾನುವಾರಗಳಂದು, ಹೊರದೇಶಕ್ಕೆ ಹೊರಟವರನ್ನೂ ಅವರ ಮನೆಯವರನ್ನೂ ಕರೆದು ಒಂದು ಮಧ್ಯಾಹ್ನದ ತರಗತಿ ನಡೆಸಬಹುದು. ಒಬ್ಬ ಬ್ಯಾಂಕಿನ ಅಧಿಕಾರಿ, ಒಬ್ಬ ವಕೀಲರು, ಹಿಂತಿರುಗಿ ಬಂದ ಒಬ್ಬ ಕೆಲಸಗಾರ, ಇಷ್ಟು ಜನ ಸಾಕು. ಬಡ್ಡಿಯ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿ ತೋರಿಸುವುದು ನಮ್ಮ ಕೆಲಸ. ಅಧ್ಯಾಪಕರು ಮಾರ್ಗದರ್ಶನ ಮಾಡುವರೆಂದು ನಂಬಿದ್ದೇನೆ.

ಕಳೆದ ವರ್ಷ ದೊಡ್ಡಪ್ಪನ ಮಗ ಕತಾರಿಗೆ ಹೊರಟನು. ಹೊರಡುವ ಹಿಂದಿನ ರಾತ್ರಿ ದೊಡ್ಡಪ್ಪ ಒಂದೇ ಬಗೆಯ ಎರಡು ನೋಟ್‌ಬುಕ್ಕುಗಳನ್ನು ತಂದು, ಒಂದನ್ನು ಮಗನ ಪೆಟ್ಟಿಗೆಯಲ್ಲಿಟ್ಟರು, ಇನ್ನೊಂದನ್ನು ದೊಡ್ಡಮ್ಮನ ಕೈಗೆ ಕೊಟ್ಟರು. ಪ್ರತಿ ತಿಂಗಳ ಮೊದಲ ಭಾನುವಾರ ಫೋನಿನಲ್ಲಿ ಇಬ್ಬರೂ ತಮ್ಮ ತಮ್ಮ ಪುಟವನ್ನು ಓದಿ ತಾಳೆ ನೋಡುತ್ತಾರೆ. ಹತ್ತು ನಿಮಿಷದ ಕೆಲಸ. ಕೆಲವೊಮ್ಮೆ ಐವತ್ತು ರೂಪಾಯಿಗೆ ಚರ್ಚೆಯೂ ನಡೆಯುತ್ತದೆ. ನನ್ನ ತಂದೆಯವರು ಪಕ್ಕದಲ್ಲಿ ಕುಳಿತು ಕೇಳುತ್ತಿರುತ್ತಾರೆ.